ಗಾಲಿಗೂ ಒಂದು ಗುರುತಿದೆ

ಯಲಹಂಕ ಉಪನಗರದಲ್ಲಿ ನಮ್ಮಕ್ಕನ ಮನೆ. ಅವಳ ಮಗ ವಿಡಿಯೊ ಗೇಮ್‌ಗಳಿಗೆ ಬೇಕಾದ ವಸ್ತುಗಳನ್ನು ಕಂಪ್ಯೂಟರಿನಲ್ಲಿ ರೂಪಿಸುವ ಕಲಾವಿದ. ಕೆಲಸ ಬೆಂಗಳೂರಿನ ಸ್ಟುಡಿಯೊದಲ್ಲಿ, ಆಟ ಮಾತ್ರ ಹೊರದೇಶದ ಕಂಪನಿಯದು. ಮೂರು ವರ್ಷದ ಹಿಂದೆ ಅಂಥ ಒಂದು ದೊಡ್ಡ ಆಟಕ್ಕೆ ಎಂಟು ತಿಂಗಳು ದುಡಿದ. ಅವನ ಪಾಲಿಗೆ ಬಂದದ್ದು ಹಳೆಯ ಕಾಲದ ಒಂದು ಪೇಟೆ ಬೀದಿ: ತಳ್ಳುಗಾಡಿ, ತಕ್ಕಡಿ, ಗೋಣಿಚೀಲ, ತಾಮ್ರದ ಪಾತ್ರೆ. ಪಾತ್ರೆಗೆ ಮಾದರಿ ಬೇಕಾದಾಗ ಅಮ್ಮನ ಬಚ್ಚಲುಮನೆಯ ಹಂಡೆಯನ್ನೇ ಹೊರಗೆ ಬಿಸಿಲಿಗೆ ಎಳೆದು, ಸುತ್ತ ತಿರುಗಿ ನೂರಾರು ಫೋಟೊ ತೆಗೆದುಕೊಂಡಿದ್ದ. ಆ ಹಂಡೆಯ ಕಂಠದ ಕೆಳಗೊಂದು ನೆಗ್ಗು ಇದೆ. ಮತ್ತೀಕೆರೆಯಿಂದ ಮನೆ ಬದಲಿಸುವಾಗ ಮೆಟ್ಟಿಲ ಮೇಲೆ ಉರುಳಿ ಆದ ನೆಗ್ಗು.

ಆಟ ಬಿಡುಗಡೆಯಾದ ಮೇಲೆ ದುಡ್ಡು ಕೊಟ್ಟು ಕೊಂಡು ತಂದ. ಎರಡು ವಾರ ರಾತ್ರಿಯೆಲ್ಲ ಆಡಿದ. ಮುಗಿಯುವ ಹೊತ್ತಿಗೆ ಸರಿಯಾಗಿ ಅಮ್ಮನನ್ನೂ ನನ್ನನ್ನೂ ಟಿವಿ ಮುಂದೆ ಕೂರಿಸಿದ. ಪೇಟೆ ಬೀದಿ ಬಂದಾಗ ಅಕ್ಕ ಎದ್ದು ಪರದೆಯ ಹತ್ತಿರ ಹೋಗಿ, 'ಅಯ್ಯೋ, ಇದು ನಮ್ಮ ಹಂಡೆ ಕಣೋ!' ಅಂದಳು. ನೆಗ್ಗು ಇದ್ದ ಜಾಗದಲ್ಲೇ ಇತ್ತು. ಬೆಳಕು ಬಿದ್ದಾಗ ಅದರ ಅಂಚು ಮಿನುಗುತ್ತಿತ್ತು. ಕಥೆ ಮುಗಿಯಿತು, ಹೆಸರುಗಳು ಮೇಲಕ್ಕೆ ಸರಿಯತೊಡಗಿದವು. ಅರ್ಧ ಗಂಟೆ ಸರಿದವು. ದನಿ ಕೊಟ್ಟವರು, ಊಟ ಒದಗಿಸಿದವರು, ಆಟ ತಯಾರಾಗುವ ಕಾಲದಲ್ಲಿ ಸಿಬ್ಬಂದಿಗೆ ಹುಟ್ಟಿದ ಮಕ್ಕಳು, ಎಲ್ಲರ ಹೆಸರೂ ಬಂತು. ಬೆಂಗಳೂರಿನ ಆ ಸ್ಟುಡಿಯೊದ ಹೆಸರು ಒಂದು ಸಾಲಿನಲ್ಲಿ ಬಂದು ಹೋಯಿತು. ನಮ್ಮ ಹುಡುಗನ ಹೆಸರು ಬರಲಿಲ್ಲ.

'ನಿಮ್ಮ ಕಂಪನಿ ಹೆಸರು ಬಂತಲ್ಲ, ಬಿಡು' ಅಂದಳು ಅಕ್ಕ. ಅವನು ನನ್ನ ಕಡೆ ತಿರುಗಿ, 'ಮಾವ, ಹಂಡೆಯ ಗುರುತು ಸಿಕ್ಕಿತು, ನನ್ನ ಗುರುತು ಸಿಗಲಿಲ್ಲ' ಅಂದ. ಅಂದಿನಿಂದ ಈ ವಿಷಯ ನನ್ನ ತಲೆಯಲ್ಲಿದೆ.

ಇದನ್ನು ಹೇಳಿಕೊಂಡಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. ಆರ್.ಟಿ. ನಗರದ ಗೆಳೆಯರೂ ಅದನ್ನೇ ಹೇಳುತ್ತಾರೆ, ತಂತ್ರಜ್ಞಾನದ ಸಮ್ಮೇಳನಗಳ ವೇದಿಕೆಗಳಲ್ಲೂ ಅದೇ ಮಾತು: 'ಎಷ್ಟಾದರೂ ಅದು ಬೇರೆಯವರ ಹೊಲದ ಕೂಲಿ. ಬೆಂಗಳೂರು ಇಪ್ಪತ್ತೈದು ವರ್ಷದಿಂದ ಬೇರೆಯವರ ಆಟಕ್ಕೆ ಮಣ್ಣು ಹೊರುತ್ತಿದೆ. ನಮ್ಮದೇ ಆಟ ಮಾಡಬೇಕು, ನಮ್ಮದೇ ಹಕ್ಕು ಇರಬೇಕು. ಅಲ್ಲಿಯವರೆಗೆ ಇದೆಲ್ಲ ಲೆಕ್ಕಕ್ಕಿಲ್ಲ.' ಈ ಮಾತಿಗೆ ಎಷ್ಟು ಬೆಲೆ ಬಂದಿದೆ ಎಂದರೆ, ಗುತ್ತಿಗೆಯ ಸ್ಟುಡಿಯೊಗಳಲ್ಲಿ ಇರುವವರೂ ತಮ್ಮ ಕೆಲಸದ ಬಗ್ಗೆ ಹೇಳುವಾಗ ದನಿ ತಗ್ಗಿಸುತ್ತಾರೆ. ಈ ಅಭಿಪ್ರಾಯ ತಪ್ಪು ಎಂದು ನಾನು ನಂಬಿದ್ದೇನೆ. ಗುತ್ತಿಗೆ ಕೆಲಸದಲ್ಲಿ ಕೀಳು ಎನ್ನುವುದು ಏನೂ ಇಲ್ಲ. ಅಲ್ಲಿ ನಡೆಯುವ ನಿಜವಾದ ಅನ್ಯಾಯ ಕೆಲಸ ಮಾಡಿದವರ ಹೆಸರು ಅಳಿಸುವುದು. ಮೊದಲನೆಯದನ್ನು ಬಯ್ಯುತ್ತ ಕೂತು ಎರಡನೆಯದನ್ನು ನಾವು ಕೇಳಲೇ ಇಲ್ಲ.

ಗುತ್ತಿಗೆಯಲ್ಲೇ ಬದುಕಿದ ಒಂದು ಕಂಪನಿಯನ್ನು ಮೊದಲು ನೋಡೋಣ. ನಿಂಟೆಂಡೊ ಇರುವ ಕ್ಯೋಟೊ ನಗರದಲ್ಲೇ 1979ರ ನವೆಂಬರ್‌ನಲ್ಲಿ ಟೋಸೆ ಎಂಬ ಕಂಪನಿ ಹುಟ್ಟಿತು. ಮೊದಲು ಮಾಡಿದ್ದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಆಟ. ಮುಂದೆ ಮನೆಯ ಟಿವಿಗೆ ಜೋಡಿಸುವ ಯಂತ್ರಗಳು ಬಂದವು, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಬಂತು. ಟೋಸೆ ಎಲ್ಲಕ್ಕೂ ಆಟ ಮಾಡಿತು, ಬಹುಪಾಲು ಬೇರೆಯವರ ಹೆಸರಿನಲ್ಲಿ. ಬಂಡೈ ಮಾರಿದ ಡ್ರ್ಯಾಗನ್ ಬಾಲ್ ಆಟಗಳು, ಎನಿಕ್ಸ್ 1998ರಲ್ಲಿ ತಂದ 'ಡ್ರ್ಯಾಗನ್ ಕ್ವೆಸ್ಟ್ ಮಾನ್‌ಸ್ಟರ್ಸ್', ನಿಂಟೆಂಡೊದ 'ಸೂಪರ್ ಪ್ರಿನ್ಸೆಸ್ ಪೀಚ್' ಅವುಗಳಲ್ಲಿ ಕೆಲವು. ಸಾವಿರಕ್ಕೂ ಹೆಚ್ಚು ಆಟಗಳಲ್ಲಿ ಅದರ ಕೈ ಇದೆ. ಡಬ್ಬದ ಮೇಲೆ ಹುಡುಕಿದರೆ ಬಹಳಷ್ಟರಲ್ಲಿ ಟೋಸೆ ಎಂಬ ಪದವೇ ಸಿಗುವುದಿಲ್ಲ. ತಮಗೆ ತಮ್ಮದೇ ಕನಸು ಇಲ್ಲ, ಗಿರಾಕಿಯ ಕನಸನ್ನು ಕಟ್ಟಿಕೊಡುವುದೇ ತಮ್ಮ ನೀತಿ ಎಂದು ಆ ಕಂಪನಿಯವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಜಗತ್ತಿನ ಆಟದ ಪತ್ರಕರ್ತರು ಅವರಿಗೆ ಇಟ್ಟ ಹೆಸರು ನಿಂಜಾ.

ಕೂಲಿಯವನು ಕೊನೆಯವರೆಗೂ ಕೂಲಿಯವನೇ ಎನ್ನುವವರಿಗೆ ಟೋಸೆಯ ಲೆಕ್ಕ ಹೊಂದುವುದಿಲ್ಲ. ನಾಲ್ಕು ದಶಕ ದಾಟಿತು, ಟೋಕಿಯೊ ಷೇರುಪೇಟೆಯಲ್ಲಿ ಹೆಸರು ದಾಖಲಾಯಿತು, ಚೀನಾದಲ್ಲೂ ಫಿಲಿಪ್ಪೀನ್ಸ್‌ನಲ್ಲೂ ಕಚೇರಿ ತೆರೆಯಿತು. ಈ ನಡುವೆ ಜಪಾನಿನಲ್ಲೇ ಸ್ವಂತ ಆಟ ಮಾಡುತ್ತಿದ್ದ ಎಷ್ಟೋ ಕಂಪನಿಗಳು ಒಂದು ಆಟ ಕೈಕೊಟ್ಟಿದ್ದಕ್ಕೇ ಬಾಗಿಲು ಹಾಕಿದವು. ಟೋಸೆ ಉಳಿದದ್ದು ಒಬ್ಬ ಗಿರಾಕಿಯನ್ನೇ ನೆಚ್ಚಿಕೊಳ್ಳದೆ ಹತ್ತಾರು ಗಿರಾಕಿಗಳನ್ನು ಇಟ್ಟುಕೊಂಡದ್ದರಿಂದ. ಪ್ರತಿ ಹೊಸ ಯಂತ್ರ ಬಂದಾಗಲೂ ಅದರ ಒಳಗುಟ್ಟನ್ನು ಬೇರೆಯವರ ಖರ್ಚಿನಲ್ಲಿ ಕಲಿಯಿತು.

ಗುತ್ತಿಗೆ ಮಾಡಿದರೆ ಸ್ವಂತ ಕಲ್ಪನೆ ಬತ್ತಿಹೋಗುತ್ತದೆ ಎನ್ನುವವರೂ ಇದ್ದಾರೆ. ಜಪಾನಿನದೇ ಇನ್ನೊಂದು ಕಂಪನಿ ಹಾಲ್ ಲ್ಯಾಬೊರೇಟರಿಯನ್ನು ಅವರು ಗಮನಿಸಬೇಕು. ನಿಂಟೆಂಡೊದ ಮೊದಲ ಕಾಲದ ಆಟಗಳಲ್ಲಿ ಹಲವನ್ನು ಬರೆದುಕೊಟ್ಟವರು ಅವರು. 1984ರ 'ಗಾಲ್ಫ್' ಆಟದ ಪ್ರೋಗ್ರಾಂ ಬರೆದ ತರುಣ ಸಟೋರು ಇವಾಟ, ಅಲ್ಲಿನ ನೌಕರ. ಅದೇ ಹಾಲ್ ಕಂಪನಿಯಿಂದ 1992ರಲ್ಲಿ ಕಿರ್ಬಿ ಎಂಬ ಗುಂಡಗಿನ ಗುಲಾಬಿ ಪಾತ್ರ ಹುಟ್ಟಿತು, ಇಂದಿಗೂ ಮಕ್ಕಳ ಕೈಯಲ್ಲಿದೆ. ಗುತ್ತಿಗೆಗೆ ಪ್ರೋಗ್ರಾಂ ಬರೆಯುತ್ತಿದ್ದ ಇವಾಟ 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದರು. ಬೇರೆಯವರಿಗೆ ಮಾಡಿಕೊಡುತ್ತಲೇ ಪಳಗಿದ ಕೈ ಅದು.

ಇನ್ನು ನಮ್ಮ ಊರಿನ ಕಥೆ. 1997ರ ಮಾರ್ಚ್‌ನಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಆರಂಭಿಸಿದರು. ಭಾರತದ ಮೊದಲ ಗೇಮ್ ಕಂಪನಿ ಎಂದು ಸಾಮಾನ್ಯವಾಗಿ ಗುರುತಿಸುವುದು ಅದನ್ನೇ. ಆಗ ಇಲ್ಲಿ ಆಟ ಮಾಡುವುದನ್ನು ಹೇಳಿಕೊಡುವ ಕಾಲೇಜು ಇರಲಿಲ್ಲ, ಪುಸ್ತಕ ಸಿಗುತ್ತಿರಲಿಲ್ಲ, ಒಂದು ಪೂರ್ತಿ ಆಟ ಮುಗಿಸಿದ ಅನುಭವಿಗಳೂ ಇರಲಿಲ್ಲ. ಇಂಟರ್‌ನೆಟ್ ಎಂದರೆ ಟೆಲಿಫೋನ್ ತಂತಿಯಲ್ಲಿ ಕಿರುಗುಟ್ಟುತ್ತ ಬರುವ ಸಂಪರ್ಕ. ಅಂಥ ಹೊತ್ತಿನಲ್ಲಿ ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿ 'ಮಿಷನ್: ಇಂಪಾಸಿಬಲ್' ಆಟದ ಪಿಸಿ ಕೆಲಸವನ್ನು ಇವರಿಗೆ ಒಪ್ಪಿಸಿತು. ಈ ದೇಶದಲ್ಲಿ ಆಟ ಕಟ್ಟುವುದನ್ನು ಕಲಿಸಿದ ಮೊದಲ ಪಾಠಶಾಲೆ ಆ ಗುತ್ತಿಗೆ ಎಂದರೆ ಹೆಚ್ಚಾಗದು. ನಮ್ಮವರೇ ದುಡ್ಡು ಹಾಕಿ, ಆಟ ಹೇಗೆ ಮಾಡುವುದೆಂದು ಗೊತ್ತಿಲ್ಲದೆ, ಕೊಳ್ಳುವವರಿಲ್ಲದ ಮಾರುಕಟ್ಟೆಗೆ ಸ್ವಂತ ಆಟ ಮಾಡಿದ್ದರೆ ಎರಡನೆಯ ವರ್ಷಕ್ಕೆ ಕಂಪನಿ ಮುಚ್ಚುತ್ತಿತ್ತು.

ಧ್ರುವ ನಿಧಾನವಾಗಿ ಒಂದು ವಿದ್ಯೆಯಲ್ಲಿ ಗಟ್ಟಿಯಾಯಿತು: ಆಟದೊಳಗಿನ ವಸ್ತುಗಳನ್ನು, ಅದರಲ್ಲೂ ಕಾರುಗಳನ್ನು ಕಟ್ಟುವುದು. ಮೈಕ್ರೊಸಾಫ್ಟಿನ ಫೋರ್ಜಾ ರೇಸಿಂಗ್ ಆಟಗಳನ್ನು ಆಡಿದವರು ಬೆಂಗಳೂರಿನಲ್ಲಿ ರೂಪುಗೊಂಡ ಕಾರುಗಳನ್ನು ಓಡಿಸಿದ್ದಾರೆ. ಥಾಮಸ್ ಫ್ರೀಡ್ಮನ್ ತಮ್ಮ 'ದ ವರ್ಲ್ಡ್ ಈಸ್ ಫ್ಲಾಟ್' ಪುಸ್ತಕದಲ್ಲಿ ರಾಜೇಶ್ ರಾವ್ ಅವರ ಕಥೆ ಹೇಳಿದರು. ನಡುವೆ ಸ್ವಂತ ಪ್ರಯತ್ನಗಳೂ ಆದವು. ಚಾರ್ಲಿ ಚಾಪ್ಲಿನ್ ಚಿತ್ರವನ್ನು ಮೊಬೈಲ್ ಆಟಗಳಲ್ಲಿ ಬಳಸುವ ಹಕ್ಕು ಪಡೆದದ್ದು ಅಂಥ ಒಂದು ಹೆಜ್ಜೆ. ಕಂಪನಿಯನ್ನು ಇಪ್ಪತ್ತು ವರ್ಷ ನಿಲ್ಲಿಸಿದ್ದು ಮಾತ್ರ ಗುತ್ತಿಗೆಯೇ.

ಕಾರು ಕಟ್ಟುವುದು ಅಂದರೆ ಏನು ಎಂದು ನಮ್ಮ ಹುಡುಗ ಒಮ್ಮೆ ನನಗೆ ತೋರಿಸಿದ. ಮೊದಲು ಕಾರಿನ ನೂರಾರು ಫೋಟೊ, ಸಾಧ್ಯವಾದರೆ ತಯಾರಕರ ಅಳತೆಯ ನಕ್ಷೆ ಬರುತ್ತದೆ. ಒರಟು ಆಕಾರ ನಿಲ್ಲಿಸಿ ಕ್ಲೈಂಟ್‌ಗೆ ಕಳಿಸಬೇಕು. ಒಪ್ಪಿಗೆಯಾದ ಮೇಲೆ ಬಾಗಿಲಿಗೂ ಮೈಗೂ ನಡುವಿನ ಸಂದು ಎಷ್ಟು ಅಗಲ, ಹೆಡ್‌ಲೈಟಿನ ಗಾಜಿನೊಳಗಿನ ಗೆರೆಗಳು ಎಷ್ಟು, ಸೀಟಿನ ಹೊಲಿಗೆ ಒಂಟಿ ದಾರದ್ದೋ ಜೋಡಿ ದಾರದ್ದೋ ಎಲ್ಲವನ್ನೂ ಕೂರಿಸಬೇಕು. ಇಷ್ಟು ಸೂಕ್ಷ್ಮವಾದ ಮಾದರಿಯನ್ನು ಆಟದ ಯಂತ್ರ ಎಳೆಯಲಾರದು. ಹಾಗಾಗಿ ಅದೇ ಕಾರನ್ನು ಇನ್ನೂ ಹಗುರವಾಗಿ ಮತ್ತೆ ಕಟ್ಟಿ, ಸೂಕ್ಷ್ಮ ಮಾದರಿಯ ಉಬ್ಬುತಗ್ಗುಗಳನ್ನು ಬೆಳಕಿನ ಚಿತ್ರವಾಗಿ ಇದರ ಮೈಗೆ ಅಂಟಿಸುತ್ತಾರೆ. ದೂರದಿಂದ ಕಾಣುವಾಗ ಬಳಸಲು ಇನ್ನೂ ಹಗುರವಾದ ಮೂರು ನಾಲ್ಕು ರೂಪಗಳು ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಾಗುವುದು ಆಡುವವನ ಕಣ್ಣಿಗೆ ಬೀಳಬಾರದು. ಪ್ರತಿ ಹಂತದಲ್ಲೂ ಫೀಡ್‌ಬ್ಯಾಕ್ ಬರುತ್ತದೆ: 'ಹಿಂದಿನ ಗಾಲಿಯ ಕಮಾನು ಅರ್ಧ ಬೆರಳು ಜಾಸ್ತಿ.' ನಾನು ನೋಡಿದಾಗ ನನಗೆ ಏನೂ ಕಾಣಲಿಲ್ಲ. ಅವನು ಎರಡು ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಾಗ ಕಂಡಿತು. ಆ ಅರ್ಧ ಬೆರಳು ಕಾಣುವ ಕಣ್ಣು ಬರಲು ಅವನಿಗೆ ನಾಲ್ಕು ವರ್ಷ ಹಿಡಿದಿದೆ. ಇದನ್ನು ಮಣ್ಣು ಹೊರುವುದು ಎನ್ನುವವರು ಈ ಕೆಲಸವನ್ನು ಹತ್ತಿರ ನಿಂತು ನೋಡಿಲ್ಲ.

ಗುತ್ತಿಗೆಯನ್ನು ಹೀಗಳೆಯುವವರು ಧ್ರುವದ ಕೊನೆಯ ಅಧ್ಯಾಯವನ್ನು ಸಾಕ್ಷಿಯಾಗಿ ಮುಂದಿಡುತ್ತಾರೆ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವದ 90.5% ಪಾಲನ್ನು 85 ಲಕ್ಷ ಡಾಲರ್ ಬೆಲೆಗೆ ಕೊಂಡಿತು. 2019ರ ಮೇ ತಿಂಗಳಲ್ಲಿ ಅದೇ ಸ್ಟಾರ್‌ಬ್ರೀಜ್ ತನ್ನ 91.82% ಪಾಲನ್ನು ರಾಕ್‌ಸ್ಟಾರ್ ಗೇಮ್ಸ್‌ಗೆ 79 ಲಕ್ಷ ಡಾಲರಿಗೆ, ಆಗಿನ ಲೆಕ್ಕದಲ್ಲಿ ಸುಮಾರು 55 ಕೋಟಿ ರೂಪಾಯಿಗೆ ಮಾರಿತು. 'ನೋಡಿ, ಇಪ್ಪತ್ತೆರಡು ವರ್ಷದ ದುಡಿಮೆಗೆ ಸಿಕ್ಕ ಬೆಲೆ ಇಷ್ಟೇ. ಸ್ವಂತ ಆಟ ಇದ್ದಿದ್ದರೆ?' ಎಂದು ಕೇಳುತ್ತಾರೆ.

ಸ್ಟಾರ್‌ಬ್ರೀಜ್ ಮಾರಿದ್ದು ಯಾಕೆ ಎನ್ನುವುದನ್ನು ಇವರು ಹೇಳುವುದಿಲ್ಲ. 2018ರ ನವೆಂಬರ್‌ನಲ್ಲಿ ಅದು ಭಾರೀ ನಿರೀಕ್ಷೆಯಿಂದ 'ದ ವಾಕಿಂಗ್ ಡೆಡ್' ಕಥೆಯ ಆಟವೊಂದನ್ನು ತಾನೇ ಮಾಡಿ ತಾನೇ ಮಾರುಕಟ್ಟೆಗೆ ತಂದಿತು. ಆಟ ನೆಲಕಚ್ಚಿತು. ಡಿಸೆಂಬರ್‌ನಲ್ಲಿ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲಿಗೆ ಹೋಯಿತು. ಕೈಯಲ್ಲಿದ್ದುದನ್ನು ಮಾರಿ ಹಣ ಹೊಂದಿಸಬೇಕಾಯಿತು, ಹಾಗೆ ಮಾರಿದ್ದರಲ್ಲಿ ಧ್ರುವವೂ ಒಂದು. ತನ್ನ ಆಟವನ್ನು ತಾನೇ ಹೊರತಂದ ಕಂಪನಿ ಮುಳುಗುತ್ತಿದ್ದಾಗ ಕೈಗೆ ಹತ್ತಿದ ಆಸ್ತಿ ಬೆಂಗಳೂರಿನ ಗುತ್ತಿಗೆ ಸ್ಟುಡಿಯೊ. ಮಾರಾಟದ ಹೊತ್ತಿಗೆ ಧ್ರುವದಲ್ಲಿ 300ಕ್ಕೂ ಹೆಚ್ಚು ಜನ ಇದ್ದರು. ಅವರು ರಾಕ್‌ಸ್ಟಾರ್‌ನ ಬೆಂಗಳೂರು ಶಾಖೆಗೆ ಸೇರಿದರು. ಹಕ್ಕುಗಳು ಇಲ್ಲದ ಕಂಪನಿಗೆ ಮಾರುಕಟ್ಟೆಯಲ್ಲಿ ಬೆಲೆ ಕಡಿಮೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಊರಿಗೆ ಉಳಿದ ಸಂಪತ್ತನ್ನು ಷೇರಿನ ಬೆಲೆಯಲ್ಲಿ ಅಳೆಯುವುದು ಸರಿಯಲ್ಲ. 1997ರಲ್ಲಿ ಈ ಊರಲ್ಲಿ ಇಲ್ಲದಿದ್ದ ವಿದ್ಯೆ 2019ರಲ್ಲಿ ಮುನ್ನೂರು ಜನರ ಕೈಯಲ್ಲಿತ್ತು.

ಉತ್ತರ ಬೆಂಗಳೂರಿನವರಿಗೆ ಈ ಪಾಠ ಹೊಸತಾಗಬಾರದಿತ್ತು. ನಮ್ಮ ಅಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಇಪ್ಪತ್ತಮೂರು ವರ್ಷ ನಿಂತರು. ಅಲ್ಲಿ ಈ ಕೆಲಸಕ್ಕೆ ಜಾಬ್‌ವರ್ಕ್ ಎನ್ನುತ್ತಾರೆ. ದೊಡ್ಡ ಕಾರ್ಖಾನೆಯಿಂದ ಡ್ರಾಯಿಂಗ್ ಬರುತ್ತದೆ, ಕಬ್ಬಿಣವೂ ಬರುತ್ತದೆ. ಅಳತೆಗೆ ತಿರುವಿ, ಕೊರೆದು, ನುಣುಪು ಮಾಡಿ ಕೊಟ್ಟರೆ ಮುಗಿಯಿತು. ಅಪ್ಪ ಆ ಪದವನ್ನು ಸಂಕೋಚದಿಂದ ಹೇಳಿದ್ದು ನಾನು ಕೇಳಿಲ್ಲ. ಯಶವಂತಪುರ ಸರ್ಕಲ್ಲಿನಲ್ಲಿ ಬಸ್ ಕಾಯುವಾಗ ಲಾರಿಯೊಂದನ್ನು ತೋರಿಸಿ, 'ಇದರೊಳಗಿನ ಒಂದು ಬುಷ್ ನಮ್ಮದು' ಅನ್ನುತ್ತಿದ್ದರು. ಅಕ್ಕ ಅಂದು ರಾತ್ರಿ ಟಿವಿ ಆರಿಸಿದ ಮೇಲೆ ಮಗನಿಗೆ ಹೇಳಿದ್ದು ಇದನ್ನೇ: 'ನಿಮ್ಮ ತಾತನೂ ಹೀಗೇ ಕಣೋ, ಹೋಗೋ ಬರೋ ಗಾಡಿಯಲ್ಲೆಲ್ಲ ತನ್ನ ಕೆಲಸ ಹುಡುಕೋರು.'

ಇದೇ ಸೀಮೆಯಲ್ಲಿ ಸ್ವಂತ ಹೆಸರಿನ ಕಾರ್ಖಾನೆಯೂ ಇತ್ತು. 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ಕೈಗಡಿಯಾರ ಮಾಡತೊಡಗಿತು. ಎಸ್‌ಎಸ್‌ಎಲ್‌ಸಿ ಪಾಸಾದರೆ ಎಚ್‌ಎಂಟಿ, ಮದುವೆಗೆ ಎಚ್‌ಎಂಟಿ, ನಿವೃತ್ತಿಗೂ ಎಚ್‌ಎಂಟಿ. ದೇಶದಲ್ಲೇ ಅಷ್ಟು ಪ್ರೀತಿ ಗಳಿಸಿದ ಸ್ವಂತ ಹೆಸರು ಇನ್ನೊಂದಿರಲಿಲ್ಲ. ಕ್ವಾರ್ಟ್ಜ್ ಗಡಿಯಾರ ಬಂದಾಗ ಅದು ಹಿಂದೆ ಬಿತ್ತು, 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಡಯಲ್ ಮೇಲಿನ ಹೆಸರು ಕಾಪಾಡಲಿಲ್ಲ. ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲು ಗಾಲಿ ಕಾರ್ಖಾನೆ, ಹಳಬರ ಬಾಯಲ್ಲಿ ಇನ್ನೂ ವೀಲ್ ಆ್ಯಂಡ್ ಆ್ಯಕ್ಸಲ್ ಪ್ಲಾಂಟ್, ಇವತ್ತಿಗೂ ಗಾಲಿ ಎರಕ ಹೊಯ್ಯುತ್ತಿದೆ. ರೈಲಿನಲ್ಲಿ ಕೂತವರಿಗೆ ಅದರ ಹೆಸರು ಗೊತ್ತಿರುವುದಿಲ್ಲ. ಗಾಲಿ ಮಾತ್ರ ಉರುಳುತ್ತಿರುತ್ತದೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಘಟನೆಯನ್ನು ಇಲ್ಲಿ ಹೇಳದೆ ಬಿಟ್ಟರೆ ನಾನು ಪ್ರಾಮಾಣಿಕನಾಗಿರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಕುಸಿಯಿತು. ಹಾಲಿವುಡ್ ಚಿತ್ರಗಳಿಗೆ, ಜಾಹೀರಾತಿಗೆ, ಆಟಗಳಿಗೆ ದೃಶ್ಯ ಕಟ್ಟಿಕೊಡುತ್ತಿದ್ದ ಅದರ ಬೆಂಗಳೂರು ಕಚೇರಿಗಳಲ್ಲಿ ಸುಮಾರು 3,000 ಜನ ಕೆಲವೇ ದಿನಗಳಲ್ಲಿ ಕೆಲಸ ಕಳೆದುಕೊಂಡರು. ಕಾಡಿನ ಮೌಗ್ಲಿಯ ಕಥೆಯ 'ದ ಜಂಗಲ್ ಬುಕ್' ಚಿತ್ರದ ದೃಶ್ಯಗಳಿಗೆ ಆಸ್ಕರ್ ಬಂದಾಗ ಅದರಲ್ಲಿ ಬೆಂಗಳೂರಿನವರ ದುಡಿಮೆಯೂ ಸೇರಿತ್ತು. ಸಂಬಳ ನಿಂತದ್ದಕ್ಕೆ ಇಲ್ಲಿನವರು ಮಾಡಿದ ತಪ್ಪು ಏನೂ ಇರಲಿಲ್ಲ. ಮನೆ ಸಾಲದ ಕಂತು, ಮಗುವಿನ ಫೀಸು ಹೊತ್ತ ಮೂರು ಸಾವಿರ ಮನೆಗಳ ಸಂಕಟ ಅದು. 'ಗುತ್ತಿಗೆಯನ್ನೇ ನೆಚ್ಚಿಕೊಂಡರೆ ಹೀಗೇ' ಎಂಬ ಮಾತು ಮತ್ತೆ ಕೇಳಿಬಂತು.

ಆ ಕುಸಿತವನ್ನು ಹತ್ತಿರದಿಂದ ನೋಡಿದರೆ ಬೇರೆ ಕಾರಣ ಕಾಣುತ್ತದೆ. ಕೆಲಸ ತರುವುದು, ಹಣ ಇಟ್ಟುಕೊಳ್ಳುವುದು, ಸಾಲ ಮಾಡುವುದು ಎಲ್ಲವೂ ದೂರದ ಒಬ್ಬ ಒಡೆಯನ ಕೈಯಲ್ಲಿತ್ತು. ಬೆಂಗಳೂರಿನಲ್ಲಿ ಇದ್ದದ್ದು ಕೈಗಳು ಮಾತ್ರ. ಇಲ್ಲಿನವರಿಗೆ ತಮ್ಮ ಹೆಸರಿನಲ್ಲಿ ಗಿರಾಕಿಯ ಜೊತೆ ಸಂಬಂಧ ಇರಲಿಲ್ಲ. ಟೋಸೆಯಂಥ ಕಂಪನಿ ತನ್ನ ಗಿರಾಕಿಗಳನ್ನು ತಾನೇ ಹುಡುಕಿತು, ತನ್ನ ಲೆಕ್ಕ ತಾನೇ ಇಟ್ಟಿತು. ಗುತ್ತಿಗೆ ಕಂಪನಿಗೂ ಪರದೇಶಿ ಕಂಪನಿಯ ಶಾಖೆಗೂ ಇರುವ ಈ ವ್ಯತ್ಯಾಸವನ್ನು ನಮ್ಮ ಚರ್ಚೆಗಳು ಗಮನಿಸುವುದೇ ಇಲ್ಲ. ಎರಡನ್ನೂ ಒಂದೇ ಗೋಣಿಯಲ್ಲಿ ತುಂಬಿ ಕೂಲಿ ಎಂದು ಕರೆದುಬಿಡುತ್ತೇವೆ. ಮಾನ್ಯತಾ ಟೆಕ್ ಪಾರ್ಕಿನ ಗೇಟಿನ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿದರೆ ಒಳಗೆ ಹೋಗುವ ಬಹುಪಾಲು ಜನ ಎರಡನೆಯ ಬಗೆಯವರು. ಅಲ್ಲಿನ ಅಪಾಯಕ್ಕೆ ಬೇರೆ ಮದ್ದು ಬೇಕು, 'ನಮ್ಮದೇ ಆಟ' ಎಂಬ ಘೋಷಣೆ ಸಾಲದು.

ಕೆಲಸ ಕಳೆದುಕೊಂಡ ಆ ಕಲಾವಿದರಿಗೆ ಮೊದಲು ಬೇಕಾದದ್ದು ಏನು? ತಾವು ಏನು ಮಾಡಿದ್ದೇವೆಂದು ತೋರಿಸಲು ಸಾಕ್ಷಿ. ಈ ಉದ್ಯಮದಲ್ಲಿ ಆಟದ ಕೊನೆಯಲ್ಲಿ ಬರುವ ಹೆಸರೇ ಬಯೋಡೇಟ. ಎನ್‌ಡಿಎ ಎಂಬ ಗುಟ್ಟಿನ ಕರಾರು ಅದನ್ನು ಕಟ್ಟಿಹಾಕುತ್ತದೆ. ಆಟ ಬಿಡುಗಡೆಯಾಗಿ ವರ್ಷ ಕಳೆದು, ಲಕ್ಷಾಂತರ ಮಂದಿ ಆಡಿ ಮುಗಿಸಿದ ಮೇಲೂ ನಮ್ಮ ಹುಡುಗ ಆ ಹಂಡೆಯನ್ನು ತನ್ನ ಕೆಲಸವೆಂದು ತೋರಿಸುವಂತಿಲ್ಲ. ಹೊಸ ಕೆಲಸದ ಸಂದರ್ಶನದಲ್ಲಿ ಅವನು ತೋರಿಸಿದ್ದು ಭಾನುವಾರಗಳಲ್ಲಿ ಮನೆಯಲ್ಲಿ ಕೂತು ಮಾಡಿದ ಕೆಲಸ. ಹಗಲು ದುಡಿದ ನಾಲ್ಕು ವರ್ಷ ಎಲ್ಲೂ ಕಾಣಲಿಲ್ಲ. ಇಷ್ಟು ಸಂಬಳ ಬೇಕೆಂದು ಕೇಳುವ ಧೈರ್ಯವೂ ಅದರೊಂದಿಗೇ ಹೋಯಿತು.

ಹೆಸರಿನ ಈ ಜಗಳ ಆಟದ ಉದ್ಯಮದಷ್ಟೇ ಹಳೆಯದು. ಟೋಸೆ ಹುಟ್ಟುವ ಒಂದು ತಿಂಗಳು ಮೊದಲು, 1979ರ ಅಕ್ಟೋಬರ್‌ನಲ್ಲಿ, ಅಮೆರಿಕದಲ್ಲಿ ಆಕ್ಟಿವಿಷನ್ ಹುಟ್ಟಿತು. ಅಟಾರಿ ಕಂಪನಿಯಲ್ಲಿ ಆಟ ಬರೆಯುತ್ತಿದ್ದ ಡೇವಿಡ್ ಕ್ರೇನ್ ಮತ್ತು ಅವರ ಗೆಳೆಯರು ತಮ್ಮ ಹೆಸರು ಡಬ್ಬದ ಮೇಲೆ ಹಾಕಿರೆಂದು ಕೇಳಿದ್ದರು, ಆಟ ಚೆನ್ನಾಗಿ ಮಾರಿದರೆ ಅದರಲ್ಲಿ ಪಾಲು ಕೇಳಿದ್ದರು. ಎರಡೂ ಸಿಗಲಿಲ್ಲ, ಹೊರಬಂದು ಸ್ವಂತ ಕಂಪನಿ ಕಟ್ಟಿದರು. ಅಟಾರಿಯ ಇನ್ನೊಬ್ಬ ನೌಕರ ವಾರನ್ ರಾಬಿನೆಟ್ 'ಅಡ್ವೆಂಚರ್' ಆಟದೊಳಗೆ ಒಂದು ಗುಟ್ಟಿನ ಕೋಣೆ ಮಾಡಿ, ಅಲ್ಲಿ ತನ್ನ ಹೆಸರು ಬರೆದು ಯಾರಿಗೂ ಹೇಳದೆ ಕೆಲಸ ಬಿಟ್ಟು ಹೋದ. ಅದು ಕಂಪನಿಗೆ ಗೊತ್ತಾದದ್ದು ಆಡಿದ ಹುಡುಗನೊಬ್ಬ ಕಾಗದ ಬರೆದಾಗ. ಇಂದಿಗೂ ಜಗಳ ಮುಗಿದಿಲ್ಲ. 2018ರ 'ರೆಡ್ ಡೆಡ್ ರಿಡೆಂಪ್ಶನ್ 2' ಹೊರಬಂದಾಗ, ಆಟ ಮುಗಿಯುವ ಮೊದಲೇ ಕೆಲಸ ಬಿಟ್ಟವರ ಹೆಸರು ಆಟದೊಳಗೆ ಇರಲಿಲ್ಲ. ಟೀಕೆ ಬಂದ ಮೇಲೆ ಅವರನ್ನು ನೆನೆಯಲು ರಾಕ್‌ಸ್ಟಾರ್ ತನ್ನ ಜಾಲತಾಣದಲ್ಲಿ ಬೇರೆ ಪುಟ ಮಾಡಿತು. 2021ರಲ್ಲಿ ಸ್ಪೇನಿನ ಸ್ಟುಡಿಯೊ ನಿಂಟೆಂಡೊಗೆ ಕಟ್ಟಿಕೊಟ್ಟ 'ಮೆಟ್ರಾಯ್ಡ್ ಡ್ರೆಡ್' ಆಟದಲ್ಲಿ ಒಟ್ಟು ಅವಧಿಯ ಕಾಲು ಭಾಗಕ್ಕಿಂತ ಕಡಿಮೆ ದುಡಿದವರ ಹೆಸರು ಕೈಬಿಟ್ಟರು. ಅವರು ಮಾಡಿದ ಕೆಲಸ ಆಟದಲ್ಲೇ ಇತ್ತು.

ಗುತ್ತಿಗೆಯ ಬಗ್ಗೆ ಟೋಸೆಯನ್ನು ನಾನು ಎಷ್ಟು ಹೊಗಳಿದರೂ ಈ ಒಂದು ವಿಷಯದಲ್ಲಿ ಅದರ ಜೊತೆ ನಿಲ್ಲಲಾರೆ. ಗಿರಾಕಿಯ ಗುಟ್ಟು ಕಾಯುವುದು ವ್ಯಾಪಾರದ ಮರ್ಯಾದೆ ಎನ್ನುತ್ತಾರೆ. ಕಂಪನಿಗೆ ಅದರಿಂದ ಲಾಭವಿದೆ, ಗುಟ್ಟು ಉಳಿಸುವವರ ಹತ್ತಿರ ಗಿರಾಕಿ ಮತ್ತೆ ಬರುತ್ತಾನೆ. ಆ ಲಾಭಕ್ಕೆ ಬೆಲೆ ತೆತ್ತವರು ಮೇಜಿನ ಮುಂದೆ ಕೂತ ಕೆಲಸಗಾರರು. ಕಂಪನಿ ತನ್ನ ಹೆಸರನ್ನು ಬಿಟ್ಟುಕೊಡಲಿ, ಅದು ಅದರ ಇಷ್ಟ. ಇನ್ನೊಬ್ಬರ ಹೆಸರನ್ನು ಅವರ ಪರವಾಗಿ ಬಿಟ್ಟುಕೊಡುವ ಅಧಿಕಾರ ಅದಕ್ಕೆ ಇಲ್ಲ. ಬೇರೆ ದಾರಿ ಇದೆ ಎನ್ನುವುದು ಟೋಸೆಗೂ ಗೊತ್ತಿತ್ತು. ನಿಂಟೆಂಡೊಗಾಗಿ 2002ರಿಂದ ಅದು ಮಾಡಿದ ಸ್ಟಾಫಿ ಸರಣಿಯಲ್ಲಿ, ಪುಟ್ಟ ನಕ್ಷತ್ರಮೀನಿನ ಆ ಆಟಗಳಲ್ಲಿ, ಹಕ್ಕು ಇಬ್ಬರದೂ ಎಂದು ಎರಡೂ ಕಂಪನಿಗಳ ಹೆಸರು ಒಟ್ಟಿಗೆ ಅಚ್ಚಾಗಿದೆ. ಗುತ್ತಿಗೆಯಲ್ಲಿ ಇದ್ದುಕೊಂಡೇ ಹೆಸರನ್ನೂ ಪಾಲನ್ನೂ ಕೇಳಬಹುದು ಎಂಬುದಕ್ಕೆ ನಿಂಜಾ ಕಂಪನಿಯೇ ಸಾಕ್ಷಿ.

ನಮಗಂತೂ ಈ ಪಾಠಕ್ಕೆ ಕ್ಯೋಟೊವರೆಗೆ ಹೋಗಬೇಕಾಗಿಲ್ಲ. 1117ರಲ್ಲಿ ಬೇಲೂರಿನ ಗುಡಿ ಕಟ್ಟಿಸಿದವನು ವಿಷ್ಣುವರ್ಧನ. ಹಣ ಅವನದು, ಕೀರ್ತಿ ಅವನದು. ಆದರೂ ಅಲ್ಲಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಸೋಮನಾಥಪುರದ ಗುಡಿ ಸೋಮನಾಥ ದಂಡನಾಯಕನದು. ಶಿಲ್ಪಗಳ ಕೆಳಗೆ ಮತ್ತೆ ಮತ್ತೆ ಕಾಣುವ ಹೆಸರು ಮಲ್ಲಿತಮ್ಮನದು. ಇವರೆಲ್ಲ ಇನ್ನೊಬ್ಬರು ಹೇಳಿದ ಕೆಲಸವನ್ನು, ಇನ್ನೊಬ್ಬರ ಹಣದಲ್ಲಿ, ಇನ್ನೊಬ್ಬರ ಪುಣ್ಯಕ್ಕಾಗಿ ಮಾಡಿಕೊಟ್ಟವರು. ಅವರನ್ನು ಯಾರೂ ಕೂಲಿಯವರೆಂದು ಕರೆಯುವುದಿಲ್ಲ, ಯಾಕೆಂದರೆ ಹೆಸರು ಕೆತ್ತಲು ಅವರಿಗೆ ಜಾಗ ಸಿಕ್ಕಿತು. ರಾಜ ಆ ಜಾಗ ಕೊಟ್ಟದ್ದರಿಂದ ಅವನ ಕೀರ್ತಿ ಒಂದು ಕೂದಲಷ್ಟೂ ಕುಂದಲಿಲ್ಲ.

ಕರ್ನಾಟಕ ಸರಕಾರ 2012ರಲ್ಲೇ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ಒಂದು ನೀತಿ ತಂದಿತು, ದೇಶದಲ್ಲೇ ಮೊದಲನೆಯದು. ಈಗ 2024–29ರ ಹೊಸ ನೀತಿ ಇದೆ. ಸ್ವಂತ ಆಟ ಮಾಡುವವರಿಗೆ ನೆರವು ಸಿಗಲಿ, ನನ್ನ ತಕರಾರಿಲ್ಲ. ಪುಣೆಯ ಸಣ್ಣ ತಂಡವೊಂದು 2020ರಲ್ಲಿ ಮಾಡಿದ 'ರಾಜಿ' ಆಟವನ್ನು ನಮ್ಮ ಹುಡುಗ ನನಗೆ ಆಡಿಸಿ ತೋರಿಸಿದ. ನಮ್ಮ ಕೋಟೆ ಕೊತ್ತಲ, ನಮ್ಮ ದೇವತೆಗಳನ್ನು ಪರದೆಯ ಮೇಲೆ ಕಂಡು ಹೆಮ್ಮೆಯಾಯಿತು. ಆದರೆ ಹತ್ತು ಜನ ಸ್ವಂತ ಆಟ ಮಾಡುವಾಗ ಸಾವಿರಾರು ಜನ ಗುತ್ತಿಗೆಯಲ್ಲಿ ದುಡಿಯುತ್ತಾರೆ, ಮುಂದೆಯೂ ದುಡಿಯುತ್ತಾರೆ. ಅವರಿಗಾಗಿ ಆ ನೀತಿಯಡಿ ಒಂದು ಷರತ್ತು ಹಾಕಬಹುದು: ಸರಕಾರದ ಸಹಾಯಧನ ಪಡೆಯುವ ಯಾವ ಸ್ಟುಡಿಯೊ ಆದರೂ ತನ್ನ ಗಿರಾಕಿಯ ಜೊತೆ ಮಾಡಿಕೊಳ್ಳುವ ಕರಾರಿನಲ್ಲಿ, ದುಡಿದ ಪ್ರತಿಯೊಬ್ಬರ ಹೆಸರು, ನಡುವೆ ಬಿಟ್ಟುಹೋದವರದೂ ಸೇರಿ, ಆಟದ ಕೊನೆಯ ಪಟ್ಟಿಯಲ್ಲಿ ಬರಬೇಕೆಂದು ಬರೆಸಿರಬೇಕು. ಆಟ ಮಾರುಕಟ್ಟೆಗೆ ಬಂದ ಮೇಲೆ ತನ್ನ ಪಾಲಿನ ಕೆಲಸವನ್ನು ಕಲಾವಿದ ಹೊಸ ಕೆಲಸ ಹುಡುಕುವಾಗ ತೋರಿಸಬಹುದು ಎಂದೂ ಅದರಲ್ಲಿ ಇರಬೇಕು. ಇದಕ್ಕೆ ಖಜಾನೆಯಿಂದ ಒಂದು ರೂಪಾಯಿಯೂ ಬೇಡ. ಗಿರಾಕಿಗೂ ನಷ್ಟವಿಲ್ಲ, ಅರ್ಧ ಗಂಟೆ ಓಡುವ ಪಟ್ಟಿ ಇನ್ನೊಂದು ನಿಮಿಷ ಹೆಚ್ಚು ಓಡುತ್ತದೆ. ಒಂದೊಂದು ಸ್ಟುಡಿಯೊ ಒಂಟಿಯಾಗಿ ಕೇಳಿದರೆ ಕೆಲಸ ಬೇರೆ ಊರಿಗೆ ಹೋದೀತು ಎಂಬ ಹೆದರಿಕೆ ಸಹಜ. ಬೆಂಗಳೂರಿನ ಅನಿಮೇಷನ್ ಉದ್ಯಮದ ಸಂಘಟನೆ ಅಬೈ ಎಲ್ಲರ ಪರವಾಗಿ ಕೇಳಬೇಕು, ಐಟಿಬಿಟಿ ಇಲಾಖೆ ಅದರ ಬೆನ್ನಿಗೆ ನಿಲ್ಲಬೇಕು.

ಯಲಹಂಕದ ಕಾರ್ಖಾನೆಯ ಗಾಲಿಗಳ ವಿಷಯ ನಮ್ಮ ಹುಡುಗನಿಗೆ ನಾನೇ ಹೇಳಿದ್ದು. ಹಳೆಯ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿನೊಳಕ್ಕೆ ಕೆಳಗಿನಿಂದ ಒತ್ತಿ ತುಂಬಿ ಗಾಲಿ ಮಾಡುತ್ತಾರೆ. ತಯಾರಕರ ಗುರುತು, ಯಾವ ಕುಲುಮೆಯ ಯಾವ ಎರಕ ಎಂಬ ಸಂಖ್ಯೆ ಗಾಲಿಯ ಮೇಲೆ ಒತ್ತಿರುತ್ತದೆ. ಎಲ್ಲೋ ಅಸ್ಸಾಮಿನಲ್ಲಿ ಬಿರುಕು ಕಂಡರೂ ಅದು ಹುಟ್ಟಿದ ದಿನದವರೆಗೆ ಹಿಂದಕ್ಕೆ ಹೋಗಿ ನೋಡಬಹುದು. ಅವನು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. 'ಒಂದು ಗಾಲಿಗೆ ಇರೋದು ನನಗಿಲ್ಲ, ಅಲ್ವಾ ಮಾವ' ಅಂದ. ಕಳೆದ ತಿಂಗಳು ಹೊಸ ಕರಾರಿಗೆ ಸಹಿ ಹಾಕುವ ಮೊದಲು ಅವನು ಮೂರನೆಯ ಪುಟದ ಎನ್‌ಡಿಎ ಷರತ್ತಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ, ಹೆಸರಿನ ಬಗ್ಗೆ ಮೇಲಿನವರಿಗೆ ಬರೆದು ಕೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.